ಹವಳದ ಮನೆಯ ಒಕ್ಕಲುಗಳು

ಮುಂಡಗೋಡ ತಾಲೂಕಿನ ಇಂದೂರ ಸಮುದ್ರದ ಊರಲ್ಲ. ಜಿಲ್ಲೆ ಉತ್ತರ ಕನ್ನಡವೇ ಆದರೂ ಕಾರವಾರದ ಕಡಲಿಗೂ ಈ ಊರಿಗೂ ನಡುವೆ ಸಹ್ಯಾದ್ರಿಯ ಕಾಡು ಅಡ್ಡ ಮಲಗಿದೆ. ಇಲ್ಲಿಯ ಹುಡುಗರಿಗೆ ಭತ್ತ ಗೊತ್ತು, ಗೋವಿನಜೋಳ ಗೊತ್ತು, ಕೆರೆಯ ಮೀನು ಗೊತ್ತು. ಸಮುದ್ರವೆಂದರೆ ಪ್ರವಾಸಕ್ಕೆ ಹೋದಾಗ ಕಾಣುವ ನೀರು. ಆದರೂ ಕತ್ತಲೆಯ ನೀರಿನಲ್ಲಿ ಬಾಳುವ ಒಂದು ಸಮುದ್ರಪ್ರಾಣಿಯ ಅಸ್ಥಿ ಈ ಭಾಗದ ಅನೇಕರ ಕೊರಳಿನಲ್ಲೇ ಇದೆ. ಅದೇ ಹವಳ! ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ ಜನ ತಮ್ಮ ಹೊಸ ವರ್ಷವಾದ ಲೋಸಾರ್ ಬಂತೆಂದರೆ ದಪ್ಪ ದಪ್ಪ ಕೆಂಪು ಹವಳದ ಸರ ಹಾಕಿಕೊಳ್ಳುತ್ತಾರೆ. ನಮ್ಮ ಹೆಂಗಸರ ಕರಿಮಣಿಯ ನಡುವೆಯೂ ಎರಡು ಹವಳ ಇಣುಕುವುದುಂಟು. ನವರತ್ನಗಳ ಸಾಲಿನಲ್ಲಿ ಅದಕ್ಕೊಂದು ಜಾಗ ಇದ್ದೇ ಇದೆ.

ರತ್ನವೆಂದ ಮೇಲೆ ಅದು ಕಲ್ಲೇ ಇರಬೇಕು ಎಂದು ನಾವು ತಿಳಿಯುತ್ತೇವೆ. ಯುರೋಪಿನ ಪಂಡಿತರು ಅದನ್ನು ಗಿಡವೆಂದು ತಿಳಿದಿದ್ದರು. 1706ರಲ್ಲಿ ಮಾರ್ಸಿಗ್ಲಿ ಎಂಬಾತ ಮೆಡಿಟರೇನಿಯನ್ ಸಮುದ್ರದ ಕೆಂಪು ಹವಳವನ್ನು ನೀರಿನಲ್ಲಿಟ್ಟಾಗ ಕೊಂಬೆಯ ಮೇಲೆ ಎಂಟೆಂಟು ದಳದ ಬಿಳಿ ಹೂಗಳು ಅರಳಿದವು. ಗಿಡವೆನ್ನಲು ಇನ್ನೇನು ಬೇಕು? ಕೆಲವು ವರ್ಷಗಳ ನಂತರ ಮಾರ್ಸೇಲ್ಸ್‌ನ ವೈದ್ಯ ಪೆಯ್ಸೊನೆಲ್ ಅದೇ ‘ಹೂ’ಗಳನ್ನು ನೋಡುತ್ತಾ ಕುಳಿತ. ಮುಟ್ಟಿದರೆ ಅವು ಮುದುಡುತ್ತವೆ, ಬಿಟ್ಟರೆ ಮತ್ತೆ ಕೈ ಚಾಚುತ್ತವೆ. ಇದು ಹೂವಲ್ಲ, ಪ್ರಾಣಿ ಎಂದ. ಪ್ಯಾರಿಸ್ಸಿನ ದೊಡ್ಡ ವಿಜ್ಞಾನಿ ರೋಮರ್ ಈ ವಿಚಾರವನ್ನು ಅಕಾಡೆಮಿಯಲ್ಲಿ ಹೇಳುವಾಗ ಪೆಯ್ಸೊನೆಲ್‌ನ ಹೆಸರನ್ನೇ ಎತ್ತಲಿಲ್ಲ. ಇಂಥ ಹುಚ್ಚು ಮಾತಿನಿಂದ ಆತನ ಮರ್ಯಾದೆ ಹೋದೀತು ಎಂಬ ಕನಿಕರವಂತೆ! ಕೊನೆಗೆ ಗೆದ್ದದ್ದು ವೈದ್ಯನ ಕಣ್ಣೇ.

ಹವಳವೆಂದರೆ ನೂರಾರು, ಸಾವಿರಾರು ಚಿಕ್ಕ ಪ್ರಾಣಿಗಳ ಒಂದು ಒಟ್ಟು ಕುಟುಂಬ. ಒಂದೊಂದಕ್ಕೂ ಚೀಲದಂಥ ಮೈ, ಬಾಯಿಯ ಸುತ್ತ ಎಳೆಎಳೆಯಾದ ಕೈಗಳು. ಇವುಗಳಿಗೆ ಪಾಲಿಪ್ ಎಂದು ಹೆಸರು. ಸುಣ್ಣದಂಥ ಗಟ್ಟಿ ವಸ್ತುವಿನಿಂದ ಇವು ಮನೆ ಕಟ್ಟುತ್ತವೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಮುಳುಗುಗಾರರು ನೋಡುವ ಹವಳಗಳಲ್ಲಿ ಹೆಚ್ಚಿನವು ಬಿಸಿಲನ್ನು ನಂಬಿದವು. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡಿ ಹವಳಕ್ಕೂ ಬಡಿಸುತ್ತದೆ.

ಎರಡು ನೂರು ಮೀಟರ್ ಕೆಳಗೆ ಆ ಅಡುಗೆಗೆ ಸಾಕಾಗುವಷ್ಟು ಬೆಳಕಿಲ್ಲ. ಸಾವಿರ ಮೀಟರ್ ದಾಟಿದರೆ ಸೂರ್ಯನ ಗುರುತೇ ಇಲ್ಲ. ಆದರೂ ಅಲ್ಲಿ ಹವಳವಿದೆ. ಒಂದೆರಡು ಜಾತಿಯಲ್ಲ, ಜಗತ್ತಿನಲ್ಲಿ ತಿಳಿದಿರುವ ಹವಳದ ಜಾತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥ ತಣ್ಣನೆಯ ಕತ್ತಲ ನೀರಿನವು. ಅವುಗಳ ಮೈಯಲ್ಲಿ ಪಾಚಿಯ ಅಡುಗೆಯವರಿಲ್ಲ. ಮೇಲಿನ ನೀರಿನಿಂದ ಸತ್ತ ಜೀವಿಗಳ ಚೂರು, ಕಸ, ಜಿಡ್ಡು ಜಡಿಮಳೆಯಂತೆ ಹಗಲಿರುಳು ಕೆಳಗೆ ಇಳಿಯುತ್ತಲೇ ಇರುತ್ತದೆ. ಹರಿವ ನೀರು ತಂದುಕೊಡುವ ಆ ತುಣುಕನ್ನೋ, ಸಣ್ಣ ಸಿಗಡಿಯಂಥ ಜೀವಿಯನ್ನೋ ಕೈಚಾಚಿ ಹಿಡಿದು ತಿನ್ನುವುದೇ ಅವುಗಳ ಬದುಕು.

ಇದನ್ನು ಒಪ್ಪಿಕೊಳ್ಳಲು ವಿಜ್ಞಾನಕ್ಕೆ ಬಹಳ ಕಾಲ ಹಿಡಿಯಿತು. ನಾರ್ವೆಯ ಬೆಸ್ತರ ಗಾಳಕ್ಕೆ ಆಳದಿಂದ ಹವಳದ ಕೊಂಬೆ ಸಿಕ್ಕಿಕೊಂಡು ಬರುತ್ತಿತ್ತು. ಟ್ರೊಂಡ್‌ಹೈಮಿನ ಬಿಷಪ್ ಗುನ್ನೆರಸ್ 1768ರಲ್ಲೇ ಅಂಥ ಹವಳಗಳನ್ನು ವರ್ಣಿಸಿ ಬರೆದಿದ್ದ. ಆದರೆ 1840ರ ದಶಕದಲ್ಲಿ ಎಡ್ವರ್ಡ್ ಫೋರ್ಬ್ಸ್ ಎಂಬ ಬ್ರಿಟಿಷ್ ವಿಜ್ಞಾನಿಯ ಮಾತು ಮೇಲಾಯಿತು. ಆತ ಏಜಿಯನ್ ಸಮುದ್ರದಲ್ಲಿ ಸುಮಾರು 230 ಮಾರು ಆಳದವರೆಗೆ ತಳವನ್ನು ಕೆರೆದು ನೋಡಿದ. (ನಮ್ಮ ಕರಾವಳಿಯವರು ಎರಡೂ ಕೈ ಚಾಚಿ ಅಳೆಯುವ ಮಾರು ಮತ್ತು ಇಂಗ್ಲಿಷರ ಫ್ಯಾದಮ್ ಎರಡೂ ಒಂದೇ ಅಳತೆ, ಆರು ಅಡಿ.) ಕೆಳಗೆ ಹೋದಂತೆ ಪ್ರಾಣಿಗಳು ಕಡಿಮೆಯಾಗುತ್ತಾ ಬಂದವು. ಆತ ಆ ಲೆಕ್ಕವನ್ನೇ ಮುಂದೆ ಎಳೆದು, 300 ಮಾರಿನ ಕೆಳಗೆ, ಅಂದರೆ ಸುಮಾರು 550 ಮೀಟರಿನ ಕೆಳಗೆ, ಜೀವವೇ ಇರಲಾರದು ಎಂದ. ಗ್ರಾಫಿನ ಗೆರೆಯನ್ನು ಅಳತೆ ಮಾಡಿದ ಜಾಗದಿಂದ ಆಚೆಗೆ ಎಳೆಯುವಾಗ ಎಷ್ಟು ಎಚ್ಚರ ಬೇಕೆಂಬುದಕ್ಕೆ ಹತ್ತನೆಯ ತರಗತಿಯ ಮಕ್ಕಳು ಇದನ್ನು ನೆನಪಿಡಬಹುದು.

ಫೋರ್ಬ್ಸ್‌ನ ಗೆರೆಯನ್ನು ಅಳಿಸಿದ್ದು ಒಂದು ತಂತಿ. ಇಟಲಿಯ ಸಾರ್ಡೀನಿಯಾ ದ್ವೀಪದಿಂದ ಆಫ್ರಿಕಾದ ಅಲ್ಜೀರಿಯಾಕ್ಕೆ ಸಮುದ್ರದ ತಳದಲ್ಲಿ 1857ರಲ್ಲಿ ಹಾಸಿದ್ದ ಟೆಲಿಗ್ರಾಫ್ ತಂತಿ ಕೆಟ್ಟುಹೋಯಿತು. 1860ರಲ್ಲಿ ಎಂಜಿನಿಯರ್ ಫ್ಲೀಮಿಂಗ್ ಜೆಂಕಿನ್ ಅದನ್ನು ಎಳೆಸಿದಾಗ ಎರಡು ಸಾವಿರ ಮೀಟರ್‌ನಷ್ಟು ಆಳದಿಂದ ಬಂದ ತುಂಡಿನ ಮೇಲೆ ಹವಳವಿತ್ತು, ಬೇರೆ ಪ್ರಾಣಿಗಳೂ ಇದ್ದವು. ಬಲೆಯಲ್ಲಿ ಬಂದಿದ್ದರೆ ‘ಮೇಲೆ ಬರುವಾಗ ದಾರಿಯಲ್ಲಿ ಎಲ್ಲೋ ಸಿಕ್ಕಿರಬೇಕು’ ಎಂದು ತಳ್ಳಿಹಾಕಬಹುದಿತ್ತು. ಇಲ್ಲಿ ಹಾಗೆನ್ನುವಂತಿರಲಿಲ್ಲ. ಹವಳದ ಬುಡ ತಂತಿಗೆ ಬೆಸೆದುಕೊಂಡಿತ್ತು. ತಂತಿ ಮಲಗಿದ್ದಲ್ಲೇ ಅದು ಹುಟ್ಟಿ ಬೆಳೆದಿತ್ತು. ಫ್ರಾನ್ಸಿನ ಪ್ರಾಣಿವಿಜ್ಞಾನಿ ಆಲ್ಫೋನ್ಸ್ ಮಿಲ್ನ್-ಎಡ್ವರ್ಡ್ಸ್ 1861ರಲ್ಲಿ ಈ ಪ್ರಾಣಿಗಳ ಬಗ್ಗೆ ವರದಿ ಬರೆದ. ಆಳಕ್ಕೆ ಹಡಗು ಕಳಿಸುವ ಉತ್ಸಾಹ ಆಮೇಲೆ ಯುರೋಪಿನಲ್ಲಿ ಏರಿತು.

ನಮ್ಮ ಸಮುದ್ರದ ಸರದಿ ಬಂದದ್ದು ‘ಇನ್ವೆಸ್ಟಿಗೇಟರ್’ ಎಂಬ ಹಡಗಿನಿಂದ. ಮುಂಬಯಿಯಲ್ಲಿ ಕಟ್ಟಿದ, ರಾಯಲ್ ಇಂಡಿಯನ್ ಮರೀನ್‌ಗೆ ಸೇರಿದ ಈ ಉಗಿಹಡಗಿನ ಮುಖ್ಯ ಕೆಲಸ ಕರಾವಳಿಯ ನಕ್ಷೆ ತಯಾರಿಸುವುದು. ಅದರಲ್ಲಿ ಒಬ್ಬ ವೈದ್ಯನೂ ಇರುತ್ತಿದ್ದ. ಖಾಯಿಲೆಯವರಿಲ್ಲದಾಗ ಆತ ಪ್ರಾಣಿವಿಜ್ಞಾನಿ. 1888ರಿಂದ 1892ರವರೆಗೆ ಆ ಕೆಲಸದಲ್ಲಿದ್ದವನು ಆಲ್ಫ್ರೆಡ್ ಆಲ್ಕಾಕ್. ಬಂಗಾಳ ಕೊಲ್ಲಿ, ಅಂಡಮಾನ್, ಲಕ್ಷದ್ವೀಪ, ಅರಬ್ಬೀ ಸಮುದ್ರ ಎಂದು ಹಡಗು ಹೋದಲ್ಲೆಲ್ಲ ತಳಕ್ಕೆ ಬಲೆ ಇಳಿಸಿ ಸಿಕ್ಕಿದ್ದನ್ನು ಆತ ಬಾಟಲಿಗಳಲ್ಲಿ ತುಂಬಿದ. ಆಮೇಲೆ ಕಲಕತ್ತೆಯ ಇಂಡಿಯನ್ ಮ್ಯೂಜಿಯಮ್ಮಿನ ಮುಖ್ಯಸ್ಥನಾದ. ಇನ್ವೆಸ್ಟಿಗೇಟರ್ ತಂದ ಆಳ ಸಮುದ್ರದ ಹವಳಗಳ ಬಗ್ಗೆಯೇ 1898ರಲ್ಲಿ ಒಂದು ಗ್ರಂಥ ಪ್ರಕಟಿಸಿದ. ಭಾರತದ ಸಮುದ್ರದ ಕತ್ತಲೆಯಲ್ಲಿ ಹವಳವಿದೆ ಎಂಬುದು ಹೀಗೆ ನೂರಾ ಇಪ್ಪತ್ತೈದು ವರ್ಷಗಳಿಗೂ ಹಿಂದೆಯೇ ಅಚ್ಚಾದ ವಿಷಯ.

ಆದರೆ ಬಲೆಗೆ ಒಂದು ದೋಷವಿದೆ. ಅದು ಪ್ರಾಣಿಯನ್ನು ತರುತ್ತದೆ, ಪ್ರಾಣಿಯ ಸಂಸಾರವನ್ನು ತರುವುದಿಲ್ಲ. ಒಂದು ಹಳ್ಳಿಯ ಮೇಲೆ ದೊಡ್ಡ ಕುಂಟೆ ಹೊಡೆದು, ಬಂದ ರಾಶಿಯಲ್ಲಿ ಹೆಂಚು, ಕಂಬ, ಚೆಂಬು, ಚಾಪೆಗಳನ್ನು ಬೇರೆ ಬೇರೆ ಮಾಡಿ ಪಟ್ಟಿ ಬರೆದರೆ ಆ ಊರಿನಲ್ಲಿ ಯಾರು ಯಾರ ಮನೆಯಲ್ಲಿದ್ದರು ಎಂದು ತಿಳಿಯುವುದೇ? ಹವಳದ ಕೊಂಬೆ ಒಂದು ಕಡೆ, ಅದರ ಮೇಲಿದ್ದ ಹುಳು ಇನ್ನೊಂದು ಕಡೆ, ಏಡಿ ಮತ್ತೊಂದು ಬಾಟಲಿಗೆ. ಗಟ್ಟಿಯಾಗಿ ಹಿಡಿದುಕೊಂಡವು ಮಾತ್ರ ಜೋಡಿಯಾಗಿ ಬರುತ್ತವೆ. ಇನ್ವೆಸ್ಟಿಗೇಟರ್‌ಗೆ ಅಂಥದೊಂದು ಜೋಡಿ ಸಿಕ್ಕಿತು. ಸಾಮಾನ್ಯವಾಗಿ ಸನ್ಯಾಸಿ ಏಡಿ ಖಾಲಿ ಶಂಖದಲ್ಲಿ ಮೈ ತೂರಿಸಿಕೊಂಡು ಬದುಕುತ್ತದೆ. ಈ ಏಡಿಗೆ ಶಂಖವಿಲ್ಲ. ಹವಳದ ದಾಯಾದಿಯಾದ ಸೀ ಅನಿಮೋನ್ ಎಂಬ ಮೆತ್ತನೆಯ ಪ್ರಾಣಿಯನ್ನೇ ಅದು ಕಾಲುಗಳಿಂದ ಹಿಡಿದು ಮೈಮೇಲೆ ಎಳೆದುಕೊಳ್ಳುತ್ತದೆ, ಚಳಿಗಾಲದಲ್ಲಿ ನಾವು ಕಂಬಳಿ ಎಳೆದುಕೊಂಡಂತೆ! ಏಡಿ ಕಂಬಳಿ ಬಿಡದಿದ್ದುದರಿಂದ ಸಂಬಂಧ ತಿಳಿಯಿತು. ಬಿಟ್ಟಿದ್ದರೆ ಎರಡು ಬಾಟಲಿ, ಎರಡು ಹೆಸರು, ಅಷ್ಟೆ.

ಅಷ್ಟು ಆಳದ್ದಲ್ಲದಿದ್ದರೂ ಇನ್ನೊಂದು ಪ್ರಸಂಗ ಇಲ್ಲಿ ಹೇಳುವಂಥದು. 1969ರಲ್ಲಿ ನ್ಯೂ ಕ್ಯಾಲೆಡೋನಿಯಾ ದ್ವೀಪದ ನೂಮಿಯಾ ಅಕ್ವೇರಿಯಮ್ಮಿಗಾಗಿ ಜಾರ್ಜ್ ಬಾರ್ಗಿಬಾಂಟ್ ಎಂಬಾತ ಬೀಸಣಿಗೆಯಂಥ ಒಂದು ಹವಳವನ್ನು ತಂದ. ಅದನ್ನು ಹತ್ತಿರದಿಂದ ಪರೀಕ್ಷಿಸುವಾಗ ಕೊಂಬೆಗೆ ಬಾಲ ಸುತ್ತಿಕೊಂಡಿದ್ದ ಎರಡು ಪುಟ್ಟ ಕಡಲಕುದುರೆಗಳು ಕಂಡವು. ಉದ್ದ ಎರಡು ಸೆಂಟಿಮೀಟರ್. ಹವಳದ ಮೇಲಿನ ಗುಲಾಬಿ ಗುಬಟೆಗಳಂತೆಯೇ ಅವುಗಳ ಮೈಮೇಲೂ ಗುಲಾಬಿ ಗುಬಟೆ. ಹವಳ ಕೈಯಲ್ಲಿದ್ದರೂ ಅದರ ಒಕ್ಕಲು ಕಾಣದಷ್ಟು ವೇಷ! ಮರುವರ್ಷ ಆ ಜಾತಿಗೆ ಬಾರ್ಗಿಬಾಂಟನ ಹೆಸರನ್ನೇ ಇಟ್ಟರು.

ಆಳದ ಹವಳದ ಮೇಲಿನ ಸಂಸಾರ ನಿಜವಾಗಿ ಕಾಣಿಸತೊಡಗಿದ್ದು ದೀಪ, ಕ್ಯಾಮೆರಾ ಮತ್ತು ಯಂತ್ರದ ಕೈಗಳಿರುವ ವಾಹನಗಳು ಕೆಳಗಿಳಿದ ಮೇಲೆ. ಹಡಗಿನಲ್ಲಿ ಕುಳಿತೇ ಅವನ್ನು ನಡೆಸಬಹುದು. ನಾರ್ವೆಯ ಕರಾವಳಿಯಾಚೆ 2002ರಲ್ಲಿ ಪತ್ತೆಯಾದ ರಾಸ್ಟ್ ಹವಳದ ದಿಬ್ಬ 300-400 ಮೀಟರ್ ಆಳದಲ್ಲಿ ಸುಮಾರು 35 ಕಿ.ಮೀ. ಉದ್ದ ಹಬ್ಬಿದೆ. ಅದನ್ನು ಕಟ್ಟಿದ್ದು ಲೋಫೀಲಿಯಾ ಎಂಬ ಬಿಳಿ ಹವಳ (ಈಗಿನ ವಿಜ್ಞಾನಿಗಳು ಹೆಸರು ಬದಲಾಯಿಸಿ ಡೆಸ್ಮೋಫಿಲಮ್ ಎನ್ನುತ್ತಾರೆ, ಹೆಸರು ಬದಲಿಸುವುದು ಅವರ ಹಳೆಯ ಚಟ). ಈಶಾನ್ಯ ಅಟ್ಲಾಂಟಿಕ್‌ನ ಲೋಫೀಲಿಯಾ ದಿಬ್ಬಗಳಲ್ಲಿ 1,300ಕ್ಕೂ ಹೆಚ್ಚು ಜಾತಿಯ ಜೀವಿಗಳನ್ನು ಗುರುತಿಸಿದ್ದಾರೆ.

ಅವುಗಳಲ್ಲಿ ಯುನೀಸ್ ಎಂಬ ಹುಳುವಿನ ಕಥೆ ಚೆನ್ನಾಗಿದೆ. ಗೇಣುದ್ದ ಬೆಳೆಯುವ, ಬಲವಾದ ದವಡೆಯ ಈ ಹುಳು ಹವಳದ ಕೊಂಬೆಗಳ ನಡುವೆ ಕಾಗದದಂಥ ತೆಳು ಕೊಳವೆ ಹೆಣೆದು ಅದರೊಳಗೆ ಇರುತ್ತದೆ. ಹವಳ ಏನು ಮಾಡುತ್ತದೆ? ಹುಳುವನ್ನು ಓಡಿಸುವುದಿಲ್ಲ, ಕೊಳವೆಯ ಮೇಲೆ ಸುಣ್ಣದ ಗಾರೆ ಮೆತ್ತಿ ಗಟ್ಟಿ ಮಾಡಿಕೊಡುತ್ತದೆ. ಹುಳು ಪಾಲಿಪ್‌ಗಳ ಕೈಯಿಂದ ಆಹಾರ ಕದಿಯುವುದೂ ಉಂಟು. ಹಾಗಾದರೆ ಇದು ಬರೀ ಕಳ್ಳನೇ? ಅಕ್ವೇರಿಯಮ್ಮಿನಲ್ಲಿ ಇಟ್ಟು ನೋಡಿದಾಗ ಹುಳು ಹವಳದ ಬಿಡಿ ತುಂಡುಗಳನ್ನು ದವಡೆಯಿಂದ ಎಳೆದು ತಂದು ಒಂದರ ಪಕ್ಕ ಒಂದಿಡುವುದು ಕಂಡಿತು. ಹವಳ ಅವನ್ನು ಬೆಸೆಯುತ್ತದೆ, ದಿಬ್ಬ ಬೆಳೆಯುತ್ತದೆ. ಹವಳಕ್ಕೆ ಬಾಯಿ ಹಾಕಲು ಬಂದವರನ್ನು ಹುಳು ಕಚ್ಚಿ ಅಟ್ಟುತ್ತದೆ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹುಳು ಜೊತೆಗಿದ್ದಾಗ ಹವಳ ಸುಣ್ಣ ಕಟ್ಟುವ ವೇಗ ನಾಲ್ಕು ಪಟ್ಟಿನವರೆಗೆ ಏರಿತು. ಅಂತೂ ಈ ಒಕ್ಕಲು ಗೇಣಿ ಬಾಕಿ ಇಟ್ಟುಕೊಳ್ಳುವುದಿಲ್ಲ.

ಇನ್ನೊಂದು ಜೋಡಿ ಅಟ್ಲಾಂಟಿಕ್ ಸಾಗರದ ನಡುವೆ ಮುಳುಗಿರುವ ಪರ್ವತಗಳದು. ಅಲ್ಲಿ ಸಾವಿರ ಮೀಟರಿಗಿಂತ ಕೆಳಗೆ ಮೆಟಲೋಗೋರ್ಜಿಯಾ ಎಂಬ ಹವಳವಿದೆ. ಬೆಳೆದದ್ದು ಥೇಟು ಅಡಿಕೆ ಮರ: ಉದ್ದನೆಯ ಬೋಳು ಕಾಂಡ, ತುದಿಯಲ್ಲಿ ಒಂದು ಛತ್ರಿ. ಛತ್ರಿಯ ಕೊಂಬೆಗಳಿಗೆ ಹಾವಿನಂಥ ಐದು ತೋಳುಗಳನ್ನು ಸುತ್ತಿಕೊಂಡು ಒಂದು ಬ್ರಿಟಲ್ ಸ್ಟಾರ್ ಕುಳಿತಿರುತ್ತದೆ. ಇದು ನಕ್ಷತ್ರಮೀನಿನ ಬಳಗದ ಪ್ರಾಣಿ. ಎತ್ತರದಲ್ಲಿ ಕುಳಿತರೆ ಹರಿವ ನೀರು ಊಟ ತಂದುಕೊಡುತ್ತದೆ. ಮೋಷರ್ ಮತ್ತು ವಾಟ್ಲಿಂಗ್ ಎಂಬ ವಿಜ್ಞಾನಿಗಳು ಇಂಥ ಅನೇಕ ಜೋಡಿಗಳನ್ನು ಪರಿಶೀಲಿಸಿ 2009ರಲ್ಲಿ ವರದಿ ಮಾಡಿದರು. ಒಂದು ಹವಳಕ್ಕೆ ಒಂದೇ ಬ್ರಿಟಲ್ ಸ್ಟಾರ್. ಎಳೆಯ ಹವಳದ ಮೇಲೆ ಎಳೆಯದು, ಮುದಿ ಹವಳದ ಮೇಲೆ ಬಲಿತದ್ದು. ಮುದಿ ಹವಳದ ಮೇಲೆ ಮರಿ ಬಂದು ಕುಳಿತ ಉದಾಹರಣೆ ಸಿಗಲಿಲ್ಲ. ಎರಡೂ ಚಿಕ್ಕಂದಿನಲ್ಲೇ ಜೊತೆಗೂಡಿ ಕೊನೆಯವರೆಗೂ ಒಟ್ಟಿಗೆ ಬಾಳುತ್ತವೆ ಎಂದು ಅವರು ತೀರ್ಮಾನಿಸಿದರು. ಕುಳಿತಲ್ಲೇ ಇಡೀ ಆಯುಷ್ಯ ನೋಡಲಾಗದಿದ್ದರೂ, ಬೇರೆ ಬೇರೆ ವಯಸ್ಸಿನ ಜೋಡಿಗಳನ್ನು ಸಾಲಾಗಿ ಇಟ್ಟು ನೋಡಿ ಒಂದು ಬದುಕನ್ನು ಓದಬಹುದು. ಊರಿನ ಎಲ್ಲ ವಯಸ್ಸಿನ ಅಡಿಕೆ ಮರಗಳನ್ನು ಒಂದೇ ದಿನ ನೋಡಿ ಮರ ಬೆಳೆಯುವ ರೀತಿ ತಿಳಿದಂತೆ.

ಹವಳ ಸತ್ತರೂ ಮನೆ ಖಾಲಿ ಬೀಳುವುದಿಲ್ಲ. 2018ರಲ್ಲಿ ಐರ್ಲೆಂಡಿನಿಂದ ಪಶ್ಚಿಮಕ್ಕೆ ಸುಮಾರು 320 ಕಿ.ಮೀ. ದೂರದಲ್ಲಿ, 750 ಮೀಟರ್ ಆಳದಲ್ಲಿ, ಸತ್ತ ಹವಳದ ಅವಶೇಷಗಳ ನಡುವೆ ಶಾರ್ಕ್ ಮೊಟ್ಟೆಗಳ ದೊಡ್ಡ ರಾಶಿ ಕ್ಯಾಮೆರಾಕ್ಕೆ ಕಂಡಿತು. ಅದೊಂದು ಬಾಣಂತಿಕೋಣೆಯೇ ಸರಿ!

‘ಇದನ್ನೆಲ್ಲ ತಿಳಿದು ಏನು ಪ್ರಯೋಜನ, ಪರೀಕ್ಷೆಗೆ ಬರುವುದೇ?’ ಎಂದು ಪಾಲಕರು ಕೇಳುವುದು ಸಹಜ. ಪರೀಕ್ಷೆಗೆ ಬರಲಿಕ್ಕಿಲ್ಲ. ಆದರೆ ಮುಂದಿನ ಲೆಕ್ಕವನ್ನು ಒಮ್ಮೆ ನೋಡಿ. ಲೋಫೀಲಿಯಾ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ನಾರ್ವೆಯ ದೊಡ್ಡ ದಿಬ್ಬಗಳು ಹಿಮಯುಗ ಮುಗಿದ ಮೇಲೆ ಸಾವಿರಾರು ವರ್ಷ ಕಟ್ಟಿದಂಥವು. ಹವಾಯಿ ದ್ವೀಪಗಳ ಆಳದಲ್ಲಿ ಸಿಕ್ಕ ಒಂದು ಕರಿ ಹವಳದ ವಯಸ್ಸು 4,265 ವರ್ಷ ಎಂದು 2009ರಲ್ಲಿ ಲೆಕ್ಕ ಹಾಕಿದರು. ತಳವನ್ನು ಗುಡಿಸುತ್ತಾ ಹೋಗುವ ಭಾರದ ಟ್ರಾಲ್ ಬಲೆಗೆ ಇಂಥದ್ದನ್ನು ಮುರಿಯಲು ಒಂದು ಸುತ್ತು ಸಾಕು. ನಾರ್ವೆಯ ಹವಳ ದಿಬ್ಬಗಳಲ್ಲಿ ಶೇಕಡಾ 30ರಿಂದ 50ರಷ್ಟು ಹೀಗೆ ಹಾಳಾಗಿವೆ ಅಥವಾ ಪೆಟ್ಟು ತಿಂದಿವೆ ಎಂದು ಅಲ್ಲಿಯ ಸಂಶೋಧಕರು 2002ರಲ್ಲಿ ಅಂದಾಜು ಮಾಡಿದರು. ಮೊದಲು ಗಮನಕ್ಕೆ ತಂದವರು ಬೆಸ್ತರೇ. ಹವಳ ಮುರಿದ ಕಡೆ ಗಾಳಕ್ಕೆ ಮೀನು ಸಿಗುವುದು ಕಡಿಮೆಯಾಗಿದೆ ಎಂಬುದು ಅವರ ದೂರು. 1999ರಿಂದಲೇ ಆ ದೇಶ ಕೆಲವು ದಿಬ್ಬಗಳ ಮೇಲೆ ಟ್ರಾಲ್ ಎಳೆಯುವುದನ್ನು ನಿಷೇಧಿಸುತ್ತಾ ಬಂದಿದೆ. ಅವರಿಗೆ ನಿಷೇಧಿಸಲು ಸಾಧ್ಯವಾದದ್ದು ದಿಬ್ಬ ಎಲ್ಲಿದೆ ಎಂಬ ನಕ್ಷೆ ಕೈಯಲ್ಲಿದ್ದುದರಿಂದ.

ಅರಬ್ಬೀ ಸಮುದ್ರದ ನಕ್ಷೆ ಇನ್ನೂ ತುಂಬಬೇಕಾಗಿದೆ. ಇಲ್ಲಿಯ ನೀರಿಗೆ ಅದರದೇ ಒಂದು ವಿಶೇಷವಿದೆ. ಸುಮಾರು 150 ಮೀಟರಿನಿಂದ ಸಾವಿರ ಮೀಟರಿನವರೆಗೆ ಆಮ್ಲಜನಕ ತೀರಾ ಕಡಿಮೆ ಇರುವ ದಪ್ಪನೆಯ ಪದರವಿದೆ. ಮೇಲಿನ ಫಲವತ್ತಾದ ನೀರಿನಿಂದ ಇಳಿಯುವ ಸತ್ತ ಜೀವಿಗಳ ಮಳೆ ಅಲ್ಲಿ ಕೊಳೆಯುವಾಗ ಆಮ್ಲಜನಕ ಖರ್ಚಾಗುತ್ತದೆ. ಹೊಸ ನೀರು ಬೇಗ ಬಂದು ಸೇರುವುದಿಲ್ಲ. ಹಾಗಾಗಿ ನಾರ್ವೆಯಲ್ಲಿ ಹವಳ ಕಂಡ ಆಳದಲ್ಲೇ ಇಲ್ಲಿಯೂ ಹುಡುಕಿದರೆ ನಿರಾಶೆಯಾದೀತು. ಹುಡುಕಾಟ ನಿಂತಿಲ್ಲ. ಅಂಡಮಾನ್ ಮತ್ತು ನಿಕೋಬಾರ್‌ನಲ್ಲಿ ಪಾಚಿಯ ನೆರವಿಲ್ಲದೆ ಬದುಕುವ ಒಂಟಿ ಹವಳಗಳ ನಾಲ್ಕು ಜಾತಿಗಳನ್ನು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ 2021ರಲ್ಲಿ ದೇಶದಲ್ಲೇ ಮೊದಲ ಸಲ ದಾಖಲಿಸಿತು. ಅದೇ ವರ್ಷ ಕೇಂದ್ರ ಸರಕಾರ ಆಳಸಮುದ್ರ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಬಲ್ಲ ‘ಮತ್ಸ್ಯ 6000’ ಎಂಬ ವಾಹನ ಆ ಯೋಜನೆಯ ಭಾಗ. ಅದರ ತಯಾರಿಯ ಅಂಗವಾಗಿ 2025ರ ಆಗಸ್ಟ್‌ನಲ್ಲಿ ಇಬ್ಬರು ಭಾರತೀಯರು ಫ್ರಾನ್ಸಿನ ‘ನೋಟಿಲ್’ ವಾಹನದಲ್ಲಿ ಅಟ್ಲಾಂಟಿಕ್‌ನಲ್ಲಿ ಮುಳುಗಿದರು. ಒಬ್ಬರು 4,000 ಮೀಟರ್ ದಾಟಿದರು, ಇನ್ನೊಬ್ಬರು 5,000 ಮೀಟರ್.

ಅಷ್ಟು ಆಳಕ್ಕೆ ಹೋಗಲಾಗದ ಮಕ್ಕಳು ರಜೆಯಲ್ಲಿ ಕಾರವಾರಕ್ಕೋ ತದಡಿಗೋ ಹೋದಾಗ ಮೀನುಗಾರಿಕೆಯ ಧಕ್ಕೆಯ ಮೇಲೆ ಅರ್ಧ ಗಂಟೆ ನಿಲ್ಲಬಹುದು. ದೋಣಿಯವರು ಬಲೆ ಕೊಡವುವಾಗ ಮೀನಿನ ಜೊತೆ ಬಂದ ಕಸವನ್ನು ಬದಿಗೆ ಎಸೆಯುತ್ತಾರೆ. ಅದರಲ್ಲಿ ಬೀಸಣಿಗೆಯಂತೆ ಚಪ್ಪಟೆಯಾಗಿ ಕವಲೊಡೆದ, ಕೆಂಪೋ ಹಳದಿಯೋ ಬಣ್ಣದ ಕಡ್ಡಿಯಂಥದ್ದು ಸಿಕ್ಕರೆ ಅದು ಹವಳದ ಬಳಗದ ಸೀ ಫ್ಯಾನ್. ಒಂದು ಭೂತಗನ್ನಡಿ ಜೊತೆಗಿರಲಿ. ಮೊದಲು ಕವಲುಗಳ ಸಂದಿಗಳನ್ನು ನೋಡಿ. ದಾರದಂತೆ ಸುತ್ತಿಕೊಂಡದ್ದು ಕಂಡರೆ ಅದು ಬ್ರಿಟಲ್ ಸ್ಟಾರಿನ ತೋಳಿರಬಹುದು. ಕಡ್ಡಿಯ ಮೇಲೆ ಗಂಟಿನಂಥದ್ದು ಕಂಡರೆ ಗಾಯವೋ, ಒಳಗೆ ಮನೆ ಮಾಡಿದ ಬೇರೆ ಜೀವಿಯೋ ಎಂದು ಪರೀಕ್ಷಿಸಿ. ಎಷ್ಟು ಮಾರು ಆಳದಲ್ಲಿ, ಕಲ್ಲಿನ ತಳದಲ್ಲೋ ಕೆಸರಿನಲ್ಲೋ ಸಿಕ್ಕಿತೆಂದು ದೋಣಿಯವರನ್ನು ಕೇಳಿ ಬರೆದುಕೊಳ್ಳಿ. ಅವರಿಗೆ ಅದು ಬಾಯಿಪಾಠ. ಮನೆಗೆ ಮಾತ್ರ ತರಬೇಡಿ. ಸೀ ಫ್ಯಾನ್, ಕರಿ ಹವಳ, ದಿಬ್ಬ ಕಟ್ಟುವ ಹವಳ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ ಹುಲಿಯ ಜೊತೆಗೇ ಇವೆ. ಚಿತ್ರ ಬರೆದುಕೊಂಡು, ತುಂಡನ್ನು ಅಲ್ಲೇ ಬಿಟ್ಟು ಬನ್ನಿ.